ಬಿ.ಜಿ.ಎಲ್. ಸ್ವಾಮಿ ಮತ್ತು ಪ್ರಭೇದದ ಪಾಠ

ಇಪ್ಪತ್ತನೆಯ ಶತಮಾನದಲ್ಲಿ ವಿಜ್ಞಾನದ ಹಾದಿಯಿಂದ ಬಂದು ಕನ್ನಡ ಗದ್ಯವನ್ನು ಬೆಳೆಸಿದವರಲ್ಲಿ ಬಿ.ಜಿ.ಎಲ್. ಸ್ವಾಮಿಯವರದು ವಿಶಿಷ್ಟವಾದ ಸ್ಥಾನ. ಸಸ್ಯವಿಜ್ಞಾನಿ, ಪ್ರಾಧ್ಯಾಪಕ, ಹಾಸ್ಯಲೇಖಕ, ಶಾಸನಗಳ ಅಭ್ಯಾಸಿ, ಚಿತ್ರಗಾರ ಎಂದು ಅವರನ್ನು ಹಲವು ಬಗೆಯಲ್ಲಿ ಪರಿಚಯಿಸುವುದು ರೂಢಿ. ಆದರೆ ನಮ್ಮ ಕನ್ನಡ ವಿಭಾಗಗಳಲ್ಲಿ ಅವರು ಬಹುಮಟ್ಟಿಗೆ ಹಾಸ್ಯಲೇಖಕರಾಗಿಯೇ ಉಳಿದಿದ್ದಾರೆ. ಅವರ ಬದುಕಿನ ಬಹುಪಾಲು ಸಂದದ್ದು ತರುಣ ವಿದ್ಯಾರ್ಥಿಗಳಿಗೆ ಗಿಡಮರಗಳ ಪಾಠ ಹೇಳುವುದರಲ್ಲಿ ಎಂಬ ಸಂಗತಿ ನಮಗೆ ತಿಳಿದಿದ್ದರೂ, ಆ ಪಾಠದ ತಿರುಳು ಏನು ಎಂದು ನಾವು ಕೇಳಿಕೊಂಡದ್ದು ಕಡಿಮೆ.

ಈ ಮಾತನ್ನು ಮೊದಲು ನನಗೇ ಅನ್ವಯಿಸಿಕೊಳ್ಳಬೇಕು. ಸುಮಾರು ಇಪ್ಪತ್ತೈದು ವರ್ಷಗಳ ಹಿಂದೆ, ನಾನು ಹೊಸದಾಗಿ ಅಧ್ಯಾಪಕನಾಗಿದ್ದಾಗ, ಬಿ.ಎಸ್ಸಿ. ತರಗತಿಗೆ ಸ್ವಾಮಿಯವರ ಒಂದು ಬರಹವನ್ನು ಪಾಠ ಮಾಡಿದೆ. ವಿನೋದದ ಸ್ಥಳಗಳನ್ನೆಲ್ಲ ಎತ್ತಿ ತೋರಿಸಿದೆ, ತರಗತಿ ನಕ್ಕಿತು. ಕೊನೆಗೆ ಸಸ್ಯಶಾಸ್ತ್ರದ ವಿದ್ಯಾರ್ಥಿನಿಯೊಬ್ಬಳು ಎದ್ದು ನಿಂತು, ನೋಟಕ್ಕೆ ಒಂದೇ ತೆರನಾಗಿರುವ ಎರಡು ಗಿಡಗಳನ್ನು ಬೇರೆ ಬೇರೆ ಪ್ರಭೇದಗಳೆಂದು ಯಾವ ಆಧಾರದ ಮೇಲೆ ಹೇಳುತ್ತಾರೆ, ಒಂದು ಪ್ರಭೇದ ಎರಡಾಗುವುದು ಯಾವಾಗ ಎಂದು ಕೇಳಿದಳು. ಅದು ಕನ್ನಡ ಪಾಠಕ್ಕೆ ಸೇರಿದ ಪ್ರಶ್ನೆಯಲ್ಲವೆಂದು ಹೇಳಿ ಅವಳನ್ನು ಕೂರಿಸಿದೆ. ಪ್ರಶ್ನೆ ಪಾಠಕ್ಕೇ ಸೇರಿದ್ದೆಂದು ನನಗೆ ಅರಿವಾದದ್ದು ಎಷ್ಟೋ ವರ್ಷಗಳ ಮೇಲೆ, ಸ್ವಾಮಿಯವರ ಜೀವನವನ್ನು ಮೊದಲಿನಿಂದ ಓದಿಕೊಂಡಾಗ. ಆ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಅವರ ಜೀವನವನ್ನು ನಿರೂಪಿಸುವುದು ಈ ಲೇಖನದ ಉದ್ದೇಶ.

ಬೆಂಗಳೂರು ಗುಂಡಪ್ಪ ಲಕ್ಷ್ಮೀನಾರಾಯಣ ಸ್ವಾಮಿ ಹುಟ್ಟಿದ್ದು 1918ರ ಫೆಬ್ರವರಿ 5ರಂದು. ತಂದೆ ಡಿ.ವಿ. ಗುಂಡಪ್ಪನವರು, ತಾಯಿ ಭಾಗೀರಥಮ್ಮ. ಸ್ವಾಮಿ ಬಾಲ್ಯದಲ್ಲಿಯೇ ತಾಯಿಯನ್ನು ಕಳೆದುಕೊಂಡರು. ಗುಂಡಪ್ಪನವರ ಮನೆಯೆಂದರೆ ಪತ್ರಿಕೆ, ಪುಸ್ತಕ, ವಿದ್ವಾಂಸರ ಬರುಹೋಗು ಇವುಗಳ ಮನೆ. ವಿಶ್ವವಿದ್ಯಾನಿಲಯದ ಪದವಿಯಿಲ್ಲದೆಯೇ ಕನ್ನಡ ನಾಡು ಗೌರವಿಸಿದ ವಿದ್ವತ್ತನ್ನು ಸಂಪಾದಿಸಿದ್ದ ತಂದೆಯ ಮಗನಾಗಿ ಬೆಳೆದವರಿಗೆ, ಓದು ಎಂಬುದು ಪರೀಕ್ಷೆಯಿಂದ ಬೇರೆಯಾದ ವಸ್ತು ಎಂಬ ತಿಳಿವಳಿಕೆ ಸಹಜವಾಗಿಯೇ ಬಂದಿರಬೇಕು. ಆದರೆ ತಂದೆ ನಡೆದ ಸಾಹಿತ್ಯ ಮತ್ತು ಪತ್ರಿಕೋದ್ಯಮದ ದಾರಿಯನ್ನು ಮಗ ಹಿಡಿಯಲಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಸಸ್ಯವಿಜ್ಞಾನವನ್ನು ಆರಿಸಿಕೊಂಡು 1939ರಲ್ಲಿ ಬಿ.ಎಸ್ಸಿ. ಆನರ್ಸ್ ಪದವಿ ಪಡೆದರು.

ಆ ಕಾಲವನ್ನು ಇಲ್ಲಿ ತುಸು ಗಮನಿಸಬೇಕು. ಡಾರ್ವಿನ್ನನ ಗ್ರಂಥ 1859ರಲ್ಲಿ ಪ್ರಕಟವಾಗಿ, ಪ್ರಭೇದಗಳು ಸ್ಥಿರವಲ್ಲ ಎಂಬುದು ವಿದ್ವಲ್ಲೋಕಕ್ಕೆ ಬಹುಮಟ್ಟಿಗೆ ಒಪ್ಪಿಗೆಯಾಗಿತ್ತು. ಆದರೆ ಅವು ಯಾವ ಬಗೆಯಲ್ಲಿ ಕವಲೊಡೆಯುತ್ತವೆಂಬುದಕ್ಕೆ ತಳಿಶಾಸ್ತ್ರದ ವಿವರಣೆ ದೊರೆತದ್ದು ಬಹಳ ತಡವಾಗಿ. ಥಿಯೊಡೋಸಿಯಸ್ ಡೊಬ್‌ಜಾನ್‌ಸ್ಕಿಯು ತಳಿಶಾಸ್ತ್ರ ಮತ್ತು ಪ್ರಭೇದಗಳ ಹುಟ್ಟು ಎಂಬ ವಿಷಯವಾಗಿ ಬರೆದ ಗ್ರಂಥ ಬಂದದ್ದು 1937ರಲ್ಲಿ, ಸ್ವಾಮಿ ಕಾಲೇಜಿನಲ್ಲಿದ್ದಾಗ. ಸಸ್ಯಗಳ ಕುರಿತು ಅಷ್ಟೇ ಮಹತ್ತ್ವದ ಸ್ಟೆಬಿನ್ಸ್‌ನ ಗ್ರಂಥ ಬಂದದ್ದು 1950ರಲ್ಲಿ. ಎಂದರೆ, ಸ್ವಾಮಿಯವರು ವಿದ್ಯಾರ್ಥಿದೆಸೆಯಿಂದ ಸಂಶೋಧಕರಾಗಿ ಬೆಳೆದ ಅವಧಿಯಲ್ಲೇ ಈ ಶಾಸ್ತ್ರ ರೂಪುಗೊಳ್ಳುತ್ತಿತ್ತು. ಅವರು ತಳಿಶಾಸ್ತ್ರಜ್ಞರಾಗಲಿಲ್ಲ. ಆ ಶಾಸ್ತ್ರ ಹೊಣೆಹೊತ್ತ ಪ್ರಶ್ನೆಯ ಮತ್ತೊಂದು ಬಾಗಿಲನ್ನು, ಹೂವಿನೊಳಗಿನ ಬಾಗಿಲನ್ನು, ಅವರು ತಟ್ಟಿದರು.

ಅವರು ಕೈಗೊಂಡ ವಿಷಯ ಆರ್ಕಿಡ್ ಕುಟುಂಬದ ಭ್ರೂಣವಿಜ್ಞಾನ. ಸೀತಾಳೆ ದಂಡೆಯಂಥ ಹೂವುಗಳ ಅಂಡಾಶಯವನ್ನು ಎಳೆಯೆಳೆಯಾಗಿ ಕೊಯ್ದು, ಬಣ್ಣ ಹಾಕಿ, ಸೂಕ್ಷ್ಮದರ್ಶಕದ ಕೆಳಗಿಟ್ಟು, ಪರಾಗದ ನಳಿಕೆ ಅಂಡವನ್ನು ಮುಟ್ಟುವುದರಿಂದ ಹಿಡಿದು ಭ್ರೂಣ ರೂಪುಗೊಳ್ಳುವವರೆಗಿನ ಪ್ರತಿಯೊಂದು ಹಂತವನ್ನೂ ಚಿತ್ರಿಸಿಕೊಳ್ಳುವ ತಾಳ್ಮೆಯ ಕೆಲಸವದು. ಈ ಸಂಶೋಧನೆಯ ಫಲವಾಗಿ 1947ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಅವರಿಗೆ ಡಿ.ಎಸ್ಸಿ. ಪದವಿ ನೀಡಿತು. ಆರ್ಕಿಡ್‌ಗಳ ಭ್ರೂಣವಿಜ್ಞಾನವನ್ನು ಕುರಿತು 1949ರಲ್ಲಿ ಅವರು ಪ್ರಕಟಿಸಿದ ಎರಡು ಭಾಗಗಳ ಪ್ರಬಂಧ ಆ ಕ್ಷೇತ್ರದವರಿಗೆ ಬಹುಕಾಲ ಆಧಾರವಾಯಿತು.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದು ದೂರದ ವಿಷಯವೆಂದು ತೋರಬಹುದು. ಆದರೆ ಒಂದು ಪ್ರಭೇದದ ಗಡಿ ಎಲ್ಲಿದೆ ಎಂಬುದು ಗೋಚರವಾಗುವ ಸ್ಥಳಗಳಲ್ಲಿ ಬೀಜದ ಒಳಗೂ ಒಂದು. ಹೂಬಿಡುವ ಸಸ್ಯಗಳಲ್ಲಿ ಫಲೀಕರಣವಾದಾಗ ಭ್ರೂಣದ ಜೊತೆಗೆ ಅದನ್ನು ಪೋಷಿಸುವ ಭ್ರೂಣಾಹಾರವೂ ಹುಟ್ಟುತ್ತದೆ. ನಾವು ಉಣ್ಣುವ ಅಕ್ಕಿ, ರಾಗಿಗಳಲ್ಲಿ ಹೆಚ್ಚಿನ ಭಾಗ ಅದೇ. ಈ ಅಂಗಾಂಶದಲ್ಲಿ ಸಾಮಾನ್ಯವಾಗಿ ತಾಯಿಯ ಪಾಲು ಎರಡು, ತಂದೆಯ ಪಾಲು ಒಂದು. ಎರಡು ಬೇರೆ ಪ್ರಭೇದಗಳನ್ನು ಕೂಡಿಸಿದಾಗ ಈ ಲೆಕ್ಕದ ಸಮತೋಲ ಕೆಟ್ಟು, ಭ್ರೂಣಾಹಾರ ಕುಸಿದು, ಭ್ರೂಣ ಹಸಿವಿನಿಂದಲೇ ಸಾಯುವುದು ಎಷ್ಟೋ ಸಸ್ಯಗಳಲ್ಲಿ ಕಂಡುಬಂದಿದೆ. ಆರ್ಕಿಡ್‌ಗಳಲ್ಲಾದರೋ ಭ್ರೂಣಾಹಾರ ಬೆಳೆಯುವುದೇ ಇಲ್ಲ. ಧೂಳಿನಂಥ ಬೀಜ ಶಿಲೀಂಧ್ರವೊಂದರ ಆಸರೆಯಿಂದ ಮೊಳೆಯಬೇಕು. ಬೇರೆ ಬೇರೆ ಪ್ರಭೇದಗಳ, ಕೆಲವೊಮ್ಮೆ ಬೇರೆ ಬೇರೆ ಜಾತಿಗಳ ಆರ್ಕಿಡ್‌ಗಳನ್ನು ತೋಟಗಾರರು ಸುಲಭವಾಗಿ ಬೆರೆಸಬಲ್ಲರು. ಅದಕ್ಕೆ ಈ ಕೊರತೆಯೂ ಒಂದು ಕಾರಣವಿರಬಹುದೆಂದು ವಿಜ್ಞಾನಿಗಳು ಊಹಿಸಿದ್ದಾರೆ. ಕಾಡಿನಲ್ಲಿ ಅವುಗಳನ್ನು ಬೇರೆಯಾಗಿ ಉಳಿಸುವುದು ಹೆಚ್ಚಾಗಿ ಕೀಟಗಳ ಆಯ್ಕೆ, ಹೂವಿನ ಆಕಾರ, ಅರಳುವ ಕಾಲ ಇವೇ. ಬೇಲಿ ಒಂದೇ ಬಗೆಯದಲ್ಲ. ಒಂದು ಸಸ್ಯದಲ್ಲಿ ಬೀಜದ ಒಳಗಿರುವ ಬೇಲಿ ಮತ್ತೊಂದರಲ್ಲಿ ಹೂವಿನ ಹೊಸ್ತಿಲಲ್ಲಿದೆ.

ಅನಂತರ ಸ್ವಾಮಿಯವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯಕ್ಕೆ ತೆರಳಿ, ಮರದ ಒಳರಚನೆಯ ಶಾಸ್ತ್ರದಲ್ಲಿ ಹೆಸರಾಗಿದ್ದ ಇರ್ವಿಂಗ್ ವಿಡ್ಮರ್ ಬೈಲಿಯವರೊಡನೆ ಕೆಲಸ ಮಾಡಿದರು. ಅಲ್ಲಿನ ವರ್ಷಗಳು ಅವರ ವೈಜ್ಞಾನಿಕ ಜೀವನದ ಫಲವತ್ತಾದ ಅವಧಿ. 1948ರಲ್ಲಿ ಗುರುಶಿಷ್ಯರಿಬ್ಬರೂ ಕೂಡಿ ನ್ಯೂ ಕ್ಯಾಲೆಡೋನಿಯ ದ್ವೀಪದ ಆಂಬೊರೆಲ್ಲ ಎಂಬ ಪೊದೆಯ ಮರವನ್ನು ಪರೀಕ್ಷಿಸಿ, ಅದರಲ್ಲಿ ನೀರು ಸಾಗಿಸುವ ನಳಿಕೆಗಳಿಲ್ಲವೆಂದು ತೋರಿಸಿದರು. 1951ರಲ್ಲಿ ಪ್ರಕಟವಾದ ಇವರಿಬ್ಬರ ಮತ್ತೊಂದು ಪ್ರಬಂಧ ಹೂವಿನ ಹೆಣ್ಣುಭಾಗವನ್ನು, ಮಧ್ಯದ ನರದ ಗುಂಟ ಮಡಿಸಿದ ಎಲೆಯಂಥ ರಚನೆಯಿಂದ ವಿಕಾಸಗೊಂಡದ್ದೆಂದು ವಿವರಿಸಿತು. ಅದು ಇಂದಿಗೂ ಸಸ್ಯವಿಕಾಸದ ಚರ್ಚೆಯಲ್ಲಿ ನೆನೆಯಲಾಗುವ ಬರಹ. ಸಾರ್ಕಾಂಡ್ರ ಎಂಬ ಜಾತಿಯಲ್ಲಿ ತಾವು ಗುರುತಿಸಿದ ಪ್ರಭೇದವೊಂದಕ್ಕೆ ಸ್ವಾಮಿಯವರು ಗುರುವಿನ ಹೆಸರನ್ನೇ ಇಟ್ಟು ಸಾರ್ಕಾಂಡ್ರ ಇರ್ವಿಂಗ್‌ಬೈಲಿಯೈ ಎಂದು ಕರೆದರು.

ಈ ಎರಡು ಸಸ್ಯಗಳ ಮುಂದಿನ ಕಥೆ ಬೋಧಪ್ರದವಾಗಿದೆ. ಸಾರ್ಕಾಂಡ್ರದಲ್ಲಿಯೂ ನಳಿಕೆಗಳಿಲ್ಲವೆಂದು ಬೈಲಿ ಮತ್ತು ಸ್ವಾಮಿ 1950ರಲ್ಲಿ ನಿರ್ಣಯಿಸಿದ್ದರು. 1987ರಲ್ಲಿ ಷೆರ್ವಿನ್ ಕಾರ್ಲ್‌ಕ್ವಿಸ್ಟ್ ಎಂಬ ವಿಜ್ಞಾನಿ ಅವುಗಳನ್ನು ಗುರುತಿಸಿ ಆ ನಿರ್ಣಯವನ್ನು ತಿದ್ದಿದರು. ಆಂಬೊರೆಲ್ಲದ ವಿಷಯದಲ್ಲಿ ಕಾಲ ಅವರ ಆಸಕ್ತಿಯನ್ನು ಸಮರ್ಥಿಸಿತು. 1999ರಲ್ಲಿ ಹಲವು ತಂಡಗಳು ಡಿ.ಎನ್.ಎ. ಪರೀಕ್ಷೆಯಿಂದ, ಇಂದು ಬದುಕಿರುವ ಹೂಬಿಡುವ ಸಸ್ಯಗಳಲ್ಲೆಲ್ಲ ಮೊಟ್ಟಮೊದಲು ಕವಲೊಡೆದ ಶಾಖೆಗೆ ಸೇರಿದ್ದು ಅದೇ ಎಂಬ ತೀರ್ಮಾನಕ್ಕೆ ಬಂದವು. ಇದನ್ನು ಕಾಣಲು ಸ್ವಾಮಿಯವರು ಉಳಿದಿರಲಿಲ್ಲ. ಒಂದು ತಿದ್ದುಪಡಿ, ಒಂದು ಸಮರ್ಥನೆ: ವಿಜ್ಞಾನದಲ್ಲಿ ಬದುಕಿದವರ ಬರಹಕ್ಕೆ ಸಲ್ಲುವ ಗೌರವ ಇವೆರಡೂ ಹೌದು.

ತಾಯ್ನಾಡಿಗೆ ಮರಳಿದ ಸ್ವಾಮಿಯವರು 1953ರಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜನ್ನು ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿ ಸೇರಿದರು. ವಿಭಾಗದ ಮುಖ್ಯಸ್ಥರಾಗಿ, ಮುಂದೆ ಅದೇ ಕಾಲೇಜಿನ ಪ್ರಾಂಶುಪಾಲರಾಗಿ ಎರಡು ದಶಕಗಳಿಗೂ ಹೆಚ್ಚು ಕಾಲ ಅಲ್ಲಿ ದುಡಿದರು. ಕನ್ನಡಿಗರಿಗೆ ಅವರು ಬರಹಗಾರರಾಗಿ ದೊರೆತದ್ದು ಈ ತಮಿಳು ನೆಲದ ಅಧ್ಯಾಪನದಿಂದ. ವಿದ್ಯಾರ್ಥಿಗಳನ್ನು ಕರೆದುಕೊಂಡು ಕಾಡುಮೇಡು ಅಲೆದ ಸಸ್ಯವೀಕ್ಷಣೆಯ ಪ್ರವಾಸಗಳೇ ‘ಹಸುರು ಹೊನ್ನು’ ಕೃತಿಯ ಮೂಲ. ಅವರೇ ಬರೆದ ಚಿತ್ರಗಳೂ ಸೇರಿದ ಆ ಪುಸ್ತಕದಲ್ಲಿ ಗಿಡದ ಲಕ್ಷಣ, ಅದರ ಹೆಸರಿನ ಹಿನ್ನೆಲೆ, ಕಾವ್ಯ ಮತ್ತು ಜಾನಪದದಲ್ಲಿ ಅದಕ್ಕಿರುವ ಸ್ಥಾನ, ಜೊತೆಗಿದ್ದವರ ಚೇಷ್ಟೆ ಎಲ್ಲವೂ ಒಂದರೊಳಗೊಂದು ಹೆಣೆದುಕೊಂಡಿವೆ. ಕೃತಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ತಂದೆ ಗುಂಡಪ್ಪನವರಿಗೂ 1967ರಲ್ಲಿ ಅದೇ ಪ್ರಶಸ್ತಿ ಸಂದಿತ್ತು.

‘ಹಸುರು ಹೊನ್ನು’ ಕೃತಿಯನ್ನು ಅಧ್ಯಾಪನದ ದಾಖಲೆಯೆಂದು ಓದಿದರೆ ಒಂದು ಕ್ರಮ ಎದ್ದು ಕಾಣುತ್ತದೆ. ವಿದ್ಯಾರ್ಥಿಗೆ ಗಿಡದ ಹೆಸರು ತಿಳಿದೊಡನೆ ಅಲ್ಲಿ ಪಾಠ ಮುಗಿಯುವುದಿಲ್ಲ, ಶುರುವಾಗುತ್ತದೆ. ಹೆಸರಿಟ್ಟವರಾರು, ಈ ಗಿಡದ ನೆಂಟರಾರು, ನೆಂಟರಿಂದ ಇದು ಯಾವುದರಲ್ಲಿ ಬೇರೆ ಎಂದು ವಿಚಾರ ಬೆಳೆಯುತ್ತದೆ. ಹೆಸರನ್ನು ಉರುಹೊಡೆದವನಿಗೆ ಪ್ರಭೇದವೆಂಬುದು ಪಟ್ಟಿಯ ಒಂದು ಸಾಲು. ಗಿಡವನ್ನು ಅದರ ನೆಲದಲ್ಲಿ ನಿಂತು ಕಂಡವನಿಗೆ ಅದು ನಡೆಯುತ್ತಿರುವ ಒಂದು ಚರಿತ್ರೆ. ನನ್ನ ವಿದ್ಯಾರ್ಥಿನಿಯ ಪ್ರಶ್ನೆ ಹುಟ್ಟಿದ್ದು ಈ ಕ್ರಮದಿಂದಲೇ. ತಡವಾಗಿಯಾದರೂ ಅದಕ್ಕೆ ಉತ್ತರ ಹೇಳಲು ನನಗೆ ನೆರವಾದದ್ದು ನಮ್ಮದೇ ಶಾಸ್ತ್ರವಾದ ಭಾಷಾಚರಿತ್ರೆ.

ಕನ್ನಡ ಮತ್ತು ತಮಿಳು ಒಂದೇ ಮೂಲದಿಂದ ಕವಲೊಡೆದ ಭಾಷೆಗಳು. ಬೇರೆಯಾದ ಮೇಲೆ ಕನ್ನಡದಲ್ಲಿ ಪಕಾರ ಹಕಾರವಾಗಿ ಪಾಲು ಹಾಲಾಯಿತು. ತಮಿಳಿನಲ್ಲಿ ಅದು ಪಾಲ್ ಆಗಿಯೇ ಉಳಿಯಿತು. ತಮಿಳಿನಲ್ಲಿ ಕೆಲವೆಡೆ ಪದಾದಿಯ ಕಕಾರ ಬದಲಾಗಿ ಕಿವಿ ಸೆವಿಯಾಯಿತು. ಕನ್ನಡ ಹಳೆಯ ಕಕಾರವನ್ನೇ ಉಳಿಸಿಕೊಂಡಿತು. ಎರಡೂ ಕಡೆ ಬದಲಾವಣೆ ಆಯಿತು, ಆದರೆ ಒಂದೇ ಕಡೆ ಅಲ್ಲ. ಪ್ರತಿಯೊಂದು ಬದಲಾವಣೆಯೂ ತನ್ನ ನುಡಿಯೊಳಗೆ ಯಾರಿಗೂ ತೊಡಕಾಗಲಿಲ್ಲ. ಎರಡು ನುಡಿಗಳವರು ಎದುರಾದಾಗ ಮಾತ್ರ ತೊಡಕು ಗೋಚರವಾಯಿತು. ಡೊಬ್‌ಜಾನ್‌ಸ್ಕಿ ಮತ್ತು ಮುಲ್ಲರ್ ಪ್ರಭೇದಗಳ ವಿಷಯದಲ್ಲಿ ಹೇಳಿದ್ದು ಬಹುಮಟ್ಟಿಗೆ ಇದೇ. ಒಂದೇ ಸಂತತಿ ಬೆಟ್ಟದಿಂದಲೋ ಕಡಲಿನಿಂದಲೋ ಎರಡಾಗಿ ಅಗಲಿದಾಗ, ಒಂದರಲ್ಲಿ ಒಂದು ವಂಶವಾಹಿಯೂ ಮತ್ತೊಂದರಲ್ಲಿ ಬೇರೊಂದು ವಂಶವಾಹಿಯೂ ಬದಲಾಗುತ್ತವೆ. ತಮ್ಮ ತಮ್ಮ ಮನೆಯಲ್ಲಿ ಎರಡೂ ಕ್ಷೇಮ. ಸಂಕರದ ಒಂದೇ ದೇಹದಲ್ಲಿ ಅವೆರಡೂ ಮೊದಲ ಬಾರಿಗೆ ಎದುರಾದಾಗ ಹೊಂದಿಕೆ ತಪ್ಪಿ, ಸಂತಾನ ಸಾಯುತ್ತದೆ ಅಥವಾ ಬಂಜೆಯಾಗುತ್ತದೆ. ಬಂಜೆತನದಂಥ ಹಾನಿಕರ ಗುಣವನ್ನು ಪ್ರಕೃತಿ ಹೇಗೆ ಆರಿಸಿತು ಎಂಬ ಡಾರ್ವಿನ್ನನ ಕಾಲದ ಒಗಟಿಗೆ ಇದು ಉತ್ತರ: ಅದನ್ನು ಯಾರೂ ಆರಿಸಲಿಲ್ಲ, ಅಗಲಿಕೆಯ ಫಲವಾಗಿ ತಾನಾಗಿಯೇ ಬಂದಿತು. ಈ ಹೋಲಿಕೆಗೆ ಮಿತಿಯುಂಟು. ಭಾಷೆಗಳು ಯಾರಿಂದ ಬೇಕಾದರೂ ಪದಗಳನ್ನು ಎರವಲು ಪಡೆಯಬಲ್ಲವು. ಪ್ರಭೇದಗಳಿಗೆ ಆ ಸ್ವಾತಂತ್ರ್ಯ ಬಹಳ ಕಡಿಮೆ.

ಸಸ್ಯಗಳಲ್ಲಿ ಪ್ರಭೇದ ಹುಟ್ಟಲು ಇನ್ನೊಂದು, ಬಹು ವೇಗದ ದಾರಿಯಿದೆ. ಎರಡು ಪ್ರಭೇದಗಳು ಬೆರೆತು ಹುಟ್ಟಿದ ಬಂಜೆ ಸಂಕರದಲ್ಲಿ ವರ್ಣತಂತುಗಳು ಇಮ್ಮಡಿಯಾದರೆ ಪ್ರತಿಯೊಂದು ತಂತುವಿಗೂ ಜೊತೆ ದೊರೆತು ಫಲವಂತಿಕೆ ಮರಳುತ್ತದೆ. ಮೂಲ ಪ್ರಭೇದಗಳೊಡನೆ ಮಾತ್ರ ಅದು ಸುಲಭವಾಗಿ ಬೆರೆಯದು. ಕೆಲವೇ ತಲೆಮಾರುಗಳಲ್ಲಿ ಹೊಸ ಪ್ರಭೇದವೊಂದು ನಿಂತುಬಿಡುತ್ತದೆ. ಇದಕ್ಕೆ ಉದಾಹರಣೆ ಹುಡುಕಲು ದೂರ ಹೋಗಬೇಕಿಲ್ಲ. ದಕ್ಷಿಣ ಅಮೆರಿಕದಿಂದ ಬಂದು ನಮ್ಮ ಅಡುಗೆಮನೆ ಸೇರಿದ ಸಸ್ಯಗಳ ಚರಿತ್ರೆಯನ್ನು ಸ್ವಾಮಿಯವರು ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ ಎಂಬ ಪುಸ್ತಕವಾಗಿ ಬರೆದಿದ್ದಾರೆ. ಅಂಥ ಸಸ್ಯಗಳಲ್ಲಿ ಒಂದಾದ ಕಡಲೆಕಾಯಿಯಲ್ಲಿ 40 ವರ್ಣತಂತುಗಳಿವೆ. ತಲಾ 20 ವರ್ಣತಂತುಗಳುಳ್ಳ ಎರಡು ಕಾಡುಪ್ರಭೇದಗಳು ಆ ಖಂಡದಲ್ಲಿ ಬೆರೆತು ಅದು ಹುಟ್ಟಿತೆಂದು ಈಗಿನ ಡಿ.ಎನ್.ಎ. ಸಂಶೋಧನೆ ಖಚಿತಪಡಿಸಿದೆ. ನಮ್ಮ ಬಯಲುಸೀಮೆಯ ರೈತನಾಗಲಿ ಗುಜರಾತಿನ ಸೌರಾಷ್ಟ್ರದ ರೈತನಾಗಲಿ ಬಿತ್ತುವುದು ಈ ಬೆರಕೆಯ ಪ್ರಭೇದವನ್ನೇ.

ಹತ್ತಿಯ ಕಥೆ ಇನ್ನೂ ಸ್ವಾರಸ್ಯದ್ದು. ಸೂರತ್ತು, ಭರೂಚುಗಳ ಕಪ್ಪುನೆಲದಲ್ಲಿಯೂ ಧಾರವಾಡದ ಎರೆಭೂಮಿಯಲ್ಲಿಯೂ ಬಹುಕಾಲದಿಂದ ಬೆಳೆದುಬಂದ ದೇಶಿ ಹತ್ತಿಗೆ 26 ವರ್ಣತಂತುಗಳು. ಅಮೆರಿಕದಿಂದ ಬಂದ ಹತ್ತಿಗಳಿಗೆ 52. ಇವೆರಡನ್ನೂ ಬೆರೆಸಿದರೆ 39 ವರ್ಣತಂತುಗಳ ಬಂಜೆ ಗಿಡ ಹುಟ್ಟುತ್ತದೆ, ಬೇಲಿ ಅಲ್ಲಿ ಕಣ್ಣಿಗೆ ಕಾಣುತ್ತದೆ. 1970ರಲ್ಲಿ ಸೂರತ್ತಿನ ಸಂಶೋಧನಾ ಕೇಂದ್ರದಲ್ಲಿ ಸಿ.ಟಿ. ಪಟೇಲರು ಒಂದೇ ಅಮೆರಿಕನ್ ಪ್ರಭೇದದ ಎರಡು ತಳಿಗಳನ್ನು ಬೆರೆಸಿ ರೈತರ ಹೊಲಕ್ಕೆ ಸಂಕರ ಹತ್ತಿಯನ್ನು ನೀಡಿದರು. ಎರಡು ವರ್ಷಗಳ ಬಳಿಕ ಧಾರವಾಡದಲ್ಲಿ ಬಿ.ಎಚ್. ಕಟರಕಿಯವರು 52 ವರ್ಣತಂತುಗಳುಳ್ಳ ಎರಡು ಬೇರೆ ಪ್ರಭೇದಗಳನ್ನೇ ಬೆರೆಸಿ ವರಲಕ್ಷ್ಮಿ ತಳಿಯನ್ನು ಹೊರತಂದರು. ಇಂಥ ಅಂತರಪ್ರಭೇದ ಸಂಕರದ ಮೊದಲ ತಲೆಮಾರು ಹುಲುಸಾಗಿ ಬೆಳೆಯುತ್ತದೆ. ಅದರ ಬೀಜವನ್ನೇ ಉಳಿಸಿ ಬಿತ್ತಿದರೆ ಮುಂದಿನ ತಲೆಮಾರುಗಳಲ್ಲಿ ಹೊಂದಾಣಿಕೆ ಒಡೆದು ದುರ್ಬಲ ಗಿಡಗಳು ಕಾಣಿಸಿಕೊಳ್ಳುತ್ತವೆ. ಇಲ್ಲಿ ಬೇಲಿ ಇರುವುದು ಮೊಮ್ಮಕ್ಕಳ ಕಾಲದಲ್ಲಿ. ಬಿ.ಎಸ್ಸಿ. ವಿದ್ಯಾರ್ಥಿಗೆ ಪ್ರಭೇದದ ತಳಿಶಾಸ್ತ್ರವನ್ನು ಕಲಿಸಲು ಇದಕ್ಕಿಂತ ಹತ್ತಿರದ ಪಾಠ ಬೇಕಿಲ್ಲ. ಊಟದ ತಟ್ಟೆಯಿಂದ ಹೊರಟು ಖಂಡಾಂತರದ ಚರಿತ್ರೆಗೆ ಕೊಂಡೊಯ್ಯುವ ಈ ವಿಧಾನವನ್ನು ಕನ್ನಡದಲ್ಲಿ ಗಟ್ಟಿಯಾಗಿ ನೆಲೆಗೊಳಿಸಿದವರಲ್ಲಿ ಸ್ವಾಮಿಯವರು ಪ್ರಮುಖರು.

ಅವರ ಹಾಸ್ಯವನ್ನು ಈ ಅಧ್ಯಾಪನದಿಂದ ಬೇರ್ಪಡಿಸಿ ನೋಡುವುದು ಸರಿಯಲ್ಲ. ‘ಕಾಲೇಜು ರಂಗ’, ‘ಕಾಲೇಜು ತರಂಗ’, ‘ಪ್ರಾಧ್ಯಾಪಕನ ಪೀಠದಲ್ಲಿ’ ಕೃತಿಗಳಲ್ಲಿ ಅವರು ವಿಡಂಬಿಸಿದ್ದು ವಿದ್ಯಾಸಂಸ್ಥೆಗಳ ಒಳಗಿನ ಪೊಳ್ಳುತನವನ್ನು, ಅರಿವಿನ ಬದಲು ಅಧಿಕಾರ ಪೀಠವೇರಿ ಕೂರುವ ಬಗೆಯನ್ನು. ಪುಟ್ಟಣ್ಣ ಕಣಗಾಲರು 1976ರಲ್ಲಿ ‘ಕಾಲೇಜು ರಂಗ’ವನ್ನು ಚಲನಚಿತ್ರವಾಗಿಸಿದ್ದರಿಂದ ಆ ಕೃತಿ ಓದುಗರ ವಲಯವನ್ನು ದಾಟಿ ಹರಡಿತು. ‘ತಮಿಳು ತಲೆಗಳ ನಡುವೆ’ ಕೃತಿಯಲ್ಲಿ ಪ್ರಾಚೀನತೆಯ ಉತ್ಪ್ರೇಕ್ಷಿತ ವಾದಗಳನ್ನು ಆಧಾರ ಕೇಳಿ ಪರೀಕ್ಷಿಸಿದಾಗಲೂ ಕೆಲಸ ಮಾಡಿದ್ದು ಅದೇ ಪ್ರಯೋಗಾಲಯದ ಬುದ್ಧಿ. ಅದರ ಮೊನಚು ಕೆಲವರಿಗೆ ನೋವುಂಟುಮಾಡಿತೆಂಬುದನ್ನೂ ಮರೆಯಬೇಕಾಗಿಲ್ಲ. ವಿನೋದ ಕೆಲವೊಮ್ಮೆ ವಾದಕ್ಕಿಂತ ಮುಂದೆ ಓಡಿದೆ.

ಮದರಾಸಿನ ಸೇವೆಯ ಅನಂತರ ಸ್ವಾಮಿಯವರು ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಸಂದರ್ಶಕ ಪ್ರಾಧ್ಯಾಪಕರಾಗಿ ಕೆಲಸ ಮಾಡಿದರು. 1980ರ ನವೆಂಬರ್ 2ರಂದು, ಅರುವತ್ತೆರಡನೆಯ ವಯಸ್ಸಿನಲ್ಲಿ, ಮೈಸೂರಿನಲ್ಲಿ ನಿಧನರಾದರು. ಅದೇ ದಶಕದಲ್ಲಿ ಅದೇ ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿಯಲ್ಲಿ ಎಚ್.ಎ. ರಂಗನಾಥ್ ಮತ್ತು ಎನ್.ಬಿ. ರಾಮಚಂದ್ರ ಅವರು ಹಣ್ಣುನೊಣಗಳ ಮೇಲೆ ನಡೆಸಿದ ಪ್ರಯೋಗಗಳು ವಿದ್ವತ್ ಪತ್ರಿಕೆಗಳಲ್ಲಿ ಪ್ರಕಟವಾದವು. ಎಂಟು ವರ್ಣತಂತುಗಳುಳ್ಳ ನೊಣಗಳ ಬಗೆಯನ್ನೂ ಆರು ವರ್ಣತಂತುಗಳುಳ್ಳ ಅದರ ಹತ್ತಿರದ ಬಗೆಯನ್ನೂ ಬೆರೆಸಿ ಹಲವು ತಲೆಮಾರು ಸಾಕಿದಾಗ, ಎರಡು ಮೂಲಗಳ ವರ್ಣತಂತುಗಳೂ ಹೊಸ ಜೋಡಣೆಯಲ್ಲಿ ನೆಲೆನಿಂತ ಸಂತತಿಗಳು ದೊರೆತವು. ಅಗಲಿಕೆ, ಬೆರಕೆ, ಹೊಸ ಹೊಂದಾಣಿಕೆ ಎಂಬ ಲಕ್ಷಾಂತರ ವರ್ಷಗಳ ನಾಟಕದ ಒಂದು ದೃಶ್ಯವನ್ನು ಗಾಜಿನ ಸೀಸೆಯೊಳಗೆ ಕಾಣುವುದು ಸಾಧ್ಯವಾಯಿತು. ಸ್ವಾಮಿಯವರು ಇನ್ನೂ ಕೆಲವು ವರ್ಷ ಬದುಕಿದ್ದರೆ ಆ ಸೀಸೆಗಳ ಬಗೆಗೆ ಕನ್ನಡದಲ್ಲಿ ಒಂದು ಒಳ್ಳೆಯ ಪ್ರಬಂಧ ಬರುತ್ತಿತ್ತೆಂದು ಊಹಿಸಿಕೊಳ್ಳುವುದು ನನ್ನಂಥ ಓದುಗನ ಆಸೆ.

ಆ ಪ್ರಬಂಧವನ್ನು ಇನ್ನು ಬೇರೆಯವರು ಬರೆಯಬೇಕು. ಅದಕ್ಕೆ ಬೇಕಾದ ಕನ್ನಡವನ್ನು ಸ್ವಾಮಿಯವರು ಸಿದ್ಧಮಾಡಿಟ್ಟು ಹೋಗಿದ್ದಾರೆ: ಪಾರಿಭಾಷಿಕ ಪದಗಳ ಭಾರಕ್ಕೆ ಕುಸಿಯದ, ಆದರೆ ನಿಖರತೆಯನ್ನೂ ಬಿಟ್ಟುಕೊಡದ ಕನ್ನಡ. ವಿಜ್ಞಾನದ ವಿದ್ಯಾರ್ಥಿಗಳು ವಾರದಲ್ಲಿ ಕೆಲವೇ ಗಂಟೆ ಕನ್ನಡ ತರಗತಿಯಲ್ಲಿ ಕೂರುತ್ತಾರೆ. ಅವರ ಶಾಸ್ತ್ರ ಅವರ ಭಾಷೆಯಲ್ಲಿ ಮಾತನಾಡುವುದನ್ನು ಕೇಳಲು ಅನೇಕರಿಗೆ ಅದೊಂದೇ ಅವಕಾಶ. ಆ ಗಂಟೆಯಲ್ಲಿ ಸ್ವಾಮಿಯವರ ವಿನೋದವನ್ನು ಮಾತ್ರ ಓದಿಸಿ ಅವರ ಪ್ರಶ್ನೆಯನ್ನು ಕೈಬಿಟ್ಟರೆ, ಹೂವನ್ನು ತೋರಿಸಿ ಬೀಜವನ್ನು ಬಚ್ಚಿಟ್ಟಂತೆ. ನಾನು ಹಾಗೆ ಮಾಡಿದ್ದೇನೆ. ಆ ವಿದ್ಯಾರ್ಥಿನಿ ಈಗ ಎಲ್ಲಿದ್ದಾಳೋ ತಿಳಿಯದು. ಈಗ ಆ ಪಾಠವನ್ನು ಕಲಿಸುವಾಗ, ವಿನೋದದ ಪುಟಗಳಿಗೆ ಬರುವ ಮೊದಲೇ, ಅವಳು ಕೇಳಿದ ಪ್ರಶ್ನೆಯನ್ನು ತರಗತಿಯ ಮುಂದಿಡುತ್ತೇನೆ.